ಸುಂಡೆ ಬೇರಿನ ಬದನೆ

8 ನವೆಂಬರ್ 1936, ಭಾನುವಾರ

ಜಿಲ್ಲಾ ಬೋರ್ಡಿನಿಂದ ಉತ್ತರ ಬಂದಿದೆ. ನಾಲ್ಕು ತಿಂಗಳು ಕಾದದ್ದಕ್ಕೆ ಒಂದು ಸಾಲು: ಅರ್ಜಿ ಪರಿಶೀಲನೆಯಲ್ಲಿದೆ. ಹಿಂದಿನ ಎರಡು ಅರ್ಜಿಗಳಿಗೂ ಇದನ್ನೇ ಬರೆದಿದ್ದರು. ಆಗ ಕೈಬರಹ, ಈಗ ಟೈಪು. ಸರ್ಕಾರ ಮುಂದುವರಿಯುತ್ತಿಲ್ಲವೆಂದು ಇನ್ನು ಯಾರೂ ಹೇಳಬಾರದು.

ನಾನು ಧಾತು ವರುಷದ ಮಹಾಬರದಲ್ಲಿ ಹುಟ್ಟಿದವನು. ಅರುವತ್ತು ವರ್ಷದ ಚಕ್ರ ಸುತ್ತಿ ಈಗ ಮತ್ತೆ ಧಾತು ನಡೆಯುತ್ತಿದೆ. ಈ ನಡುವೆ ನಮ್ಮ ನೇಕಾರರ ಬೀದಿಯಲ್ಲಿ ಆದದ್ದು ಒಂದೂ ನನ್ನ ನೆನಪಿನಿಂದ ಜಾರಿಲ್ಲ. ಸೂಲೂರು ರಸ್ತೆಯ ಮಿಲ್ಲು ಎದ್ದದ್ದು ನಾಲ್ಕು ವರ್ಷದ ಹಿಂದೆ, ನೀಲಗಿರಿಯ ಪೈಕಾರಾದಿಂದ ಕರೆಂಟು ಬಂದ ಜೊತೆಗೆ. ಬಾವಿಗಳು ಉಪ್ಪಾದದ್ದು, ಹಿತ್ತಿಲುಗಳ ಮೇಲೆ ಬಿಳಿ ಪೊರೆ ಎದ್ದದ್ದು ಆಮೇಲೆ. ಇದನ್ನು ತಿಳಿಯಲು ಕಾಲೇಜು ಓದಬೇಕೆ? ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದಿದ್ದೆ: ನೂಲಿಗೆ ಬಣ್ಣ ಹಾಕುವ ನಮ್ಮಂಥ ಬಡವರೇ ಇಟ್ಟಿಗೆ ಗುಂಡಿ ಕಟ್ಟಿಸಿ, ಬಣ್ಣದ ನೀರನ್ನು ಒಂದು ಹನಿಯೂ ಹೊರಬಿಡದೆ ಬಿಸಿಲಿಗೆ ಆರಿಸುವಾಗ, ಮಿಲ್ಲಿನ ಧಣಿಗಳಿಗೆ ಏನು ದಾಡಿ? ನಮ್ಮದೂ ಸೇರಿ ಬೀದಿಯ ಹದಿನಾಲ್ಕು ಮನೆಯವರೂ ಹೆಬ್ಬೆಟ್ಟು ಒತ್ತಿದರು. ಓದಿ ಹೇಳಿದಾಗ ಒಬ್ಬರೂ ತಲೆ ಎತ್ತಲಿಲ್ಲ. ಜನರಲ್ಲಿ ಉಸಿರೇ ಇಲ್ಲ.

ಮನೆಯವಳು ಇಂದು ಇನ್ನೊಂದು ಸಾಲು ಬದನೆ ಕಿತ್ತು ಬಿಸಾಡಿದಳು. ಎಲೆಯ ಅಂಚು ಬೆಂಕಿ ತಾಗಿದಂತೆ ಸುಟ್ಟು ಮುರುಟಿದೆ. ಹೆಂಡತಿ ರಾಮಾತಾಳ್ ನನ್ನ ಅಕ್ಕನ ಮಗಳೇ. ಮದುವೆಯಾಗಿ ಬಂದ ದಿನ ಅಕ್ಕ ಈ ಬೀಜವನ್ನು ಅವಳ ಸೆರಗಿಗೆ ಕಟ್ಟಿ ಕಳಿಸಿದ್ದಳು. ಹಸಿರು ಗೀರಿನ, ಕೋಳಿಮೊಟ್ಟೆಯಷ್ಟು ಗುಂಡನೆಯ ಬದನೆ. ಅಕ್ಕನೂ ಇಲ್ಲ, ಅಕ್ಕನ ಊರಿನಲ್ಲಿ ಈಗ ಆ ತಳಿಯೂ ಇಲ್ಲ. ಉಳಿದಿರುವುದು ನಮ್ಮ ಹಿತ್ತಿಲಿನ ಮೂಡಣ ಬೇಲಿಯ ಬಳಿ ಮೂರು ಗಿಡ. ಪ್ರತಿ ವರ್ಷ ಸಾಲನ್ನು ಸ್ವಲ್ಪ ಸ್ವಲ್ಪವೇ ಮೂಡಣಕ್ಕೆ ಸರಿಸುತ್ತ ಬಂದಿದ್ದಾಳೆ. ಯಾಕೆಂದು ಕೇಳಿದರೆ ಹೇಳಳು. ಹೆಂಗಸರ ಶಾಸ್ತ್ರ.

ಅವಳ ಕಾಲು ಊದಿದೆ. ದಿನಕ್ಕೆ ಆರೇಳು ಸಲ ಪಿಳ್ಳೆಯಾರ್ ಗುಡಿಯ ಸಿಹಿನೀರಿನ ಬಾವಿಗೆ ಹೋದರೆ ಊದದೆ ಏನಾದೀತು? ಮನೆಯಲ್ಲಿರುವವರು ಇಬ್ಬರು. ಅಲ್ಲಿ ಹರಟೆಗೆ ಜನ ಸಿಗುತ್ತಾರೆ, ಅಷ್ಟೇ.

ತಮಿಳು ಸೀಮೆಯ ಈ ಬೀದಿಯಲ್ಲಿ ಕನ್ನಡ ಆಡದ ಮನೆಯಿಲ್ಲ. ಕನ್ನಡ ಓದಬಲ್ಲವನು ನಾನೊಬ್ಬನೇ. ಈ ಪುಸ್ತಕವನ್ನು ಜಗಲಿಯ ಮೇಲೆ ತೆರೆದಿಟ್ಟರೂ ಭಯವಿಲ್ಲ.

19 ನವೆಂಬರ್

ಅವಳನ್ನು ಗಾಡಿಯಲ್ಲಿ ಕೊಯಮತ್ತೂರಿಗೆ ಕರೆದೊಯ್ದೆ. ಡಾಕ್ಟರು ಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಹಿಟ್ಟಿನಲ್ಲಿ ಒತ್ತಿದಂತೆ ಕುಳಿ ಬಿದ್ದು ಹಾಗೇ ಉಳಿಯಿತು. ಮೂತ್ರಪಿಂಡ ಕೆಟ್ಟಿದೆಯಂತೆ. ಉಪ್ಪು ಒಂದು ಹರಳೂ ಕೂಡದಂತೆ. ನಮ್ಮ ಬೀದಿಯ ನೀರು ಹೀಗಿದೆ, ಕಾರಣ ಅದೇ ಇರಬಹುದೇ ಎಂದೆ. ಯಾರೂ ಹೇಳಲಾರರು ಎಂದರು. ಹೇಳಲಾರದ್ದಕ್ಕೆ ಇಷ್ಟು ಓದಬೇಕೇ?

ಬರುವಾಗ ಗಾಡಿಯಲ್ಲಿ ನಾನು ಮಿಲ್ಲಿನವರ ಏಳು ತಲೆಮಾರನ್ನು ಜಾಲಾಡುತ್ತಿದ್ದೆ. ಅವಳು ಎಲ್ಲ ಕೇಳಿ, ಕೊನೆಗೆ ಅಂದಳು: "ಉಪ್ಪಿನ ತೆರಿಗೆ ಕಟ್ಟಬಾರದು ಅಂತ ಆರು ವರ್ಷ ಹಿಂದೆ ಹುಣಸೆ ಮರದಡಿ ಅಷ್ಟು ಭಾಷಣ ಮಾಡಿದ್ರಲ್ಲ ಮಾಮಾ. ಊರಲ್ಲಿ ನಿಮ್ಮ ಮಾತು ಕೇಳಿದವಳು ಈಗ ನಾನೊಬ್ಬಳೇ."

ಗಾಡಿಯವನು ನಕ್ಕ. ನನಗೆ ಸಿಟ್ಟು ಬಂತು.

27 ನವೆಂಬರ್

ಒಳ್ಳೆಯ ದಿನ. ಕೃಷಿ ಇಲಾಖೆಯ ದೇವರಾಜನ್ ಎಂಬವರು ಹತ್ತಿ ಬೀಜದ ಕೆಲಸಕ್ಕೆ ಬಂದವರು, ಜಗಲಿಯಲ್ಲಿ ಕನ್ನಡ ಪತ್ರಿಕೆ ಕಂಡು ಒಳಗೆ ಬಂದರು. ಕೊಳ್ಳೇಗಾಲದ ಕಡೆಯವರು. ಎಷ್ಟೋ ದಿನದ ಮೇಲೆ ತಮಿಳು ಬೆರೆಯದ ಕನ್ನಡ ಕಿವಿಗೆ ಬಿತ್ತು. ಹಿತ್ತಿಲು ನೋಡಿದರು. ಬದನೆ ಸತ್ತಿರುವ ನೆಲದಲ್ಲೇ, ಬಣ್ಣದ ಗುಂಡಿಯ ಅಂಚಿನಲ್ಲಿ ಸುಂಡೆಯ ಪೊದೆ ಕಪ್ಪು ಹಸಿರಾಗಿ ನಿಂತಿರುವುದನ್ನು ತೋರಿಸಿ, "ಯಜಮಾನ್ರೇ, ಎರಡೂ ಒಂದೇ ಕುಲದ ಗಿಡ. ಒಂದು ಸಾಯ್ತದೆ, ಒಂದು ಬೆಳೀತದೆ. ವ್ಯತ್ಯಾಸ ಬೇರಿನದು" ಎಂದರು. ಸುಂಡೆಯ ಬೇರು ಉಪ್ಪನ್ನು ಪೂರ್ತಿ ಮೇಲೆ ಹತ್ತಗೊಡುವುದಿಲ್ಲವಂತೆ. ಸುಂಡೆಯ ತಲೆ ಕತ್ತರಿಸಿ ಅದರ ಮೇಲೆ ಬದನೆಯ ಕುಡಿಯನ್ನು ಕಸಿ ಮಾಡಿದರೆ ಗಿಡ ತಾಳೀತು. ಜಪಾನಿನಲ್ಲಿ ಸೋರೆ ಬೇರಿನ ಮೇಲೆ ಕಲ್ಲಂಗಡಿ ಕೂರಿಸುತ್ತಾರೆಂದು ಓದಿದ್ದಾರಂತೆ. ಆದರೆ ಇದು ನೆಲಕ್ಕೆ ಮದ್ದಲ್ಲ, ಉಪ್ಪು ಎಲ್ಲಿಂದ ಬರುತ್ತಿದೆಯೋ ಅದನ್ನು ನಿಲ್ಲಿಸದಿದ್ದರೆ ಸುಂಡೆಯೂ ಒಂದು ದಿನ ಸೋಲುತ್ತದೆ ಎಂದರು. ಮಿಲ್ಲಿನ ದಿಕ್ಕಿಗೆ ಕೈ ತೋರಿಸಿದೆ. ಅವರು ಆ ಕಡೆ ನೋಡಲಿಲ್ಲ. ನಮ್ಮ ಹಿತ್ತಿಲಿನ ಇಳಿಜಾರನ್ನು ನೋಡುತ್ತಿದ್ದರು.

ಅವರು ಹೋದ ಮೇಲೆ ಒಂದು ತಮಾಷೆಯಾಯಿತು. ಮನೆಯವಳು ಅಕ್ಕಿ ಕೇರುತ್ತಿದ್ದಳು. "ಅಮ್ಮಣಿ, ನಮ್ಮ ಹಿತ್ತಿಲಲ್ಲಿ ಕಸಿ, ಆ ವಿಷಯ ಗೊತ್ತಾ ನಿಂಗೆ?" ಎಂದೆ.

ಮೊರ ನಿಂತಿತು. "ಗೊತ್ತು" ಎಂದಳು.

"ಗೊತ್ತಾ? ಯಾವಾಗಿಂದ?"

"ಹತ್ತು ವರ್ಷ ಆಯ್ತುಂಗ. ನೀವಾಗಿ ಹೇಳ್ಲಿ ಅಂತ ಇದ್ದೆ."

ನಾನು ಜೋರಾಗಿ ನಕ್ಕುಬಿಟ್ಟೆ. ಕಸಿ ಅಂದರೆ ಗಿಡಕ್ಕೆ ಗಿಡ ಕೂಡಿಸುವುದು, ಇಲ್ಲಿ ಒಟ್ಟು ಕಟ್ಟುವುದು ಅನ್ನುತ್ತಾರಲ್ಲ, ಅದು ಎಂದು ವಿವರಿಸಿದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. "ಓ, ಒಟ್ಟಾ" ಎಂದು ತಾನೂ ನಕ್ಕು ಮತ್ತೆ ಕೇರತೊಡಗಿದಳು. ಅವಳ ಕನ್ನಡ ಮುಕ್ಕಾಲು ತಮಿಳು. ತಮಿಳಿನಲ್ಲಿ ಕಸಿಯುವುದೆಂದರೆ ಜಿನುಗುವುದು, ಸೋರುವುದು. ಎಲ್ಲೋ ಹೆಂಚು ಸೋರುವುದನ್ನು ಹೇಳಿದೆನೆಂದುಕೊಂಡಿರಬೇಕು. ಹತ್ತು ವರ್ಷದಿಂದ ನನಗೆ ಹೇಳದೆ ಸೋರುತ್ತಿರುವುದು ಯಾವ ಹೆಂಚೋ.

3 ಡಿಸೆಂಬರ್

ದೇವರಾಜನ್ ಬಂದು ತೋರಿಸಿಕೊಟ್ಟರು. ಪೆನ್ಸಿಲ್ ದಪ್ಪದ ಸುಂಡೆ ಸಸಿಯನ್ನು ಮಣ್ಣಿನಿಂದ ನಾಲ್ಕು ಬೆರಳು ಮೇಲೆ ಕತ್ತರಿಸಿ, ನಡುವೆ ಸೀಳಬೇಕು. ಅಷ್ಟೇ ದಪ್ಪದ ಬದನೆ ಕುಡಿಯ ಬುಡವನ್ನು ಎರಡೂ ಕಡೆ ಚೂಪಾಗಿ ಸವರಿ ಆ ಸೀಳಿಗೆ ಇಳಿಸಬೇಕು. ತೊಗಟೆಗೆ ತೊಗಟೆ ಕೂಡಬೇಕು. ನೂಲಿನಿಂದ ಕಟ್ಟಿ, ನೆರಳಲ್ಲಿ ಮಡಕೆ ಮುಚ್ಚಿ, ಬುಡಕ್ಕೆ ಮಾತ್ರ ನೀರು ಹನಿಸಬೇಕು. ಕಟ್ಟಿನ ಕೆಳಗೆ ಸುಂಡೆ ಚಿಗುರಿದರೆ ಚಿವುಟಬೇಕು. ಇಲ್ಲದಿದ್ದರೆ ಸುಂಡೆ ತನ್ನ ತಲೆಯನ್ನೇ ಸಾಕಿಕೊಂಡು ಇದನ್ನು ಕೈಬಿಡುತ್ತದೆ.

ಹತ್ತು ಗಿಡ ಮಾಡಿದೆವು. ಐದು ನಾನು, ಐದು ಅವಳು. ನಾನು ಬಿಗಿಯಾಗಿ ಕಟ್ಟಿದೆ, ಅರ್ಜಿಯ ಕಟ್ಟಿಗೆ ದಾರ ಬಿಗಿದಂತೆ. ಅವಳು ಮಗ್ಗದಲ್ಲಿ ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆ ಕೂಡಿಸುವಾಗ ಮಾಡುವಂತೆ ಬೆರಳ ತುದಿಗೆ ಚಿಟಿಕೆ ಬೂದಿ ಮುಟ್ಟಿಸಿಕೊಂಡು ಎಳೆಯನ್ನು ಹೊಸೆದು ಸುತ್ತಿದಳು. ಗಂಟೇ ಇಲ್ಲ. ದೇವರಾಜನ್ ತಮ್ಮ ಪುಸ್ತಕದಲ್ಲಿ ಅದರ ಚಿತ್ರ ಬರೆದುಕೊಂಡರು. ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರು. "ನೂಲಿಗೂ ಗಿಡಕ್ಕೂ ಏನುಂಗ ವ್ಯತ್ಯಾಸ, ಕತ್ತು ಹಿಸುಕಬಾರದು ಅಷ್ಟೇ" ಎಂದಳು.

ನೆಲದಲ್ಲಿ ಕೂತವಳಿಗೆ ಏಳಲಾಗಲಿಲ್ಲ. ಕೆಳಗಿನ ಮನೆಯ ಜಾನಮ್ಮ ಬಂದು ಎಬ್ಬಿಸಿದಳು. ಈಗೀಗ ನಮ್ಮ ಮನೆಗೆ ಕುಡಿಯುವ ನೀರು ತರುವವಳೂ ಅವಳೇ.

14 ಡಿಸೆಂಬರ್

ಮಡಕೆ ತೆಗೆದೆವು. ನನ್ನ ಐದೂ ಸತ್ತಿವೆ. ಅವಳ ಐದರಲ್ಲಿ ನಾಲ್ಕು ನಿಂತಿವೆ, ಒಂದರಲ್ಲಿ ಹೊಸ ಎಲೆ, ಇಲಿಯ ಕಿವಿಯಷ್ಟು.

ಬೋರ್ಡಿಗೆ ನಾಲ್ಕನೆಯ ಅರ್ಜಿ ಅರ್ಧ ಬರೆದಿದ್ದೆ. ಇಂದು ಮುಂದುವರಿಸಲಿಲ್ಲ.

29 ಡಿಸೆಂಬರ್

ಬೇಲಿಯ ಬಳಿಯಿದ್ದ ಹಳೆಯ ಮೂರು ಗಿಡಗಳೂ ಒಣಗಿದವು. ಇನ್ನು ಆ ತಳಿಯೆಂದರೆ ಈ ನಾಲ್ಕು ಕುಡಿ. ನೆಲಕ್ಕೆ ಹಾಕಲು ಅವಳು ಮೂಡಣ ಬೇಲಿಯನ್ನು ತೋರಿಸಿದಳು. ಗುಂಡಿಯ ಬಳಿ ಸುಂಡೆ ಅಷ್ಟು ಚೆನ್ನಾಗಿ ಬೆಳೆದಿರುವಾಗ ಅಲ್ಲೇ ಯಾಕೆ ಬೇಡ ಎಂದೆ. ಬೇಡ ಮಾಮಾ, ಆ ಕಡೆ ತೋಡಬೇಡಿ ಎಂದಳು. ಎರಡು ಸಲ ಹೇಳಿದಳು. ನಾನು ತೋಡಿದೆ.

ಮೊಳದುದ್ದ ಇಳಿದ ಮೇಲೆ ಮಣ್ಣು ಒದ್ದೆಯಾಯಿತು. ಗುದ್ದಲಿಗೆ ಬಣ್ಣ ಹತ್ತಿತು.

ಕೆಂಪಲ್ಲ, ನೇರಳೆಯೂ ಅಲ್ಲ, ನಡುವಿನದು. ಹಿಡಿ ಮಣ್ಣು ಎತ್ತಿ ಬಿಸಿಲಿಗೆ ಹಿಡಿದೆ. ಆ ಬಣ್ಣವನ್ನು ಕಣ್ಣು ಕಟ್ಟಿದರೂ ಹೇಳಬಲ್ಲೆ. ನಾನೇ ಕಲಸಿದ್ದು. 1925ರಲ್ಲಿ ಹಾಕಿ, ಒಗೆದರೆ ಬಿಡುತ್ತದೆಂದು ಮರುವರ್ಷ ಕೈಬಿಟ್ಟದ್ದು. ಈಗ ಮಿಲ್ಲು ಇರುವ ಜಾಗದಲ್ಲಿ ಆಗ ಜೋಳದ ಹೊಲವಿತ್ತು.

30 ಡಿಸೆಂಬರ್

ಕಸಿ ಎಂದರೆ ಜಿನುಗುವುದು. ಹತ್ತು ವರ್ಷ ಎಂದಳು. ನೀವಾಗಿ ಹೇಳ್ಲಿ ಎಂದಳು.

ನಾನು ನಕ್ಕೆ.

6 ಜನವರಿ 1937

ಒಂದು ವಾರ ಬರೆಯಲಿಲ್ಲ. ಗಿಡಗಳನ್ನು ಅವಳು ಹೇಳಿದ ಕಡೆಯೇ, ಗುಂಡಿಗೆ ದೂರವಾದ ಮೂಡಣ ಬೇಲಿಯ ಬಳಿ ಹಾಕಿದ್ದೇನೆ.

ಜರ್ಮನಿಯ ಡಬ್ಬಿ ಬಣ್ಣ ನೂಲಿಗೆ ಹಿಡಿಯಬೇಕಾದರೆ ತೊಟ್ಟಿಗೆ ಉಪ್ಪು ಸುರಿಯಬೇಕು. ಮೂಟೆ ಮೂಟೆ ಸುರಿದಿದ್ದೇನೆ. ಬಣ್ಣ ನೂಲಿಗೆ ಹೋಗುತ್ತದೆ, ಉಪ್ಪು ನೀರಿನಲ್ಲೇ ಉಳಿಯುತ್ತದೆ, ನೀರು ಗುಂಡಿಗೆ ಹೋಗುತ್ತದೆ. ಗುಂಡಿಗೆ ಇಟ್ಟಿಗೆ ಕಟ್ಟಿಸಿದ ಮೇಲೆ ಒಂದು ಸಲವಾದರೂ ಬರಿದು ಮಾಡಿ ತಳ ನೋಡಿದೆನೇ? ಇಲ್ಲ. ಬಿಸಿಲಿಗೆ ಆರುತ್ತದೆಂದುಕೊಂಡೆ. ಆರಿದ್ದು ಎಷ್ಟು, ನೆಲಕ್ಕೆ ಇಳಿದದ್ದು ಎಷ್ಟು! ನನಗೆ ಎಲ್ಲ ನೆನಪಿದೆ ಎಂದು ಬರೆದಿದ್ದೇನೆ ಈ ಪುಸ್ತಕದಲ್ಲಿ. ನೆನಪಿದೆ. 1927ರ ಬೇಸಿಗೆಯಲ್ಲಿ ಸಾರಿನಲ್ಲಿ ಉಪ್ಪು ಹೆಚ್ಚೆಂದು ನಾನು ತಟ್ಟೆ ತಳ್ಳಿದ್ದು, ಅವಳು ಉಪ್ಪನ್ನೇ ಹಾಕಿಲ್ಲ ಎಂದದ್ದು, ಸುಳ್ಳು ಹೇಳಬೇಡ ಎಂದು ನಾನು ಕೂಗಿದ್ದು. ಅದೇ ಬೇಸಿಗೆಯಿಂದ ಅವಳು ಗುಡಿಯ ಬಾವಿಗೆ ಹೋಗತೊಡಗಿದ್ದು.

ತೊಟ್ಟಿಗಳನ್ನು ಈಗ ನಡೆಸುವವನು ತಮ್ಮ ಸುಬ್ಬಯ್ಯನ್. ಗುಂಡಿ ಮುಚ್ಚು ಎಂದೆ. "ಮುಚ್ಚಿದ್ರೆ ಬಣ್ಣದ ತಣ್ಣಿ ಎಲ್ಲಿ ಹುಯ್ಯಲಿ ಅಣ್ಣಾ? ನಿಮ್ಮ ಅರ್ಜಿ ಮೇಲಾ?" ಎಂದ. ಆ ಮಣ್ಣಿನ ಹೆಂಟೆಯನ್ನು ಅವನ ಕೈಯಲ್ಲಿಟ್ಟೆ. ತಿರುಗಿಸಿ ನೋಡಿದ. ಅವನಿಗೂ ಆ ಬಣ್ಣ ಗೊತ್ತು. ಕೈ ತೊಳೆದುಕೊಂಡು ಬಂದು, ಪೊಂಗಲ್ ಕಳೆಯಲಿ, ಬರಿದು ಮಾಡಿ ತಳ ಗಾರೆ ಹಾಕಿಸ್ತೀನಿ ಎಂದ.

ಅವಳಿಗೆ ಹೇಳಬೇಕು.

17 ಜನವರಿ

ಹೇಳಬೇಕೆಂದು ಹೋದೆ. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತಿದ್ದಳು. ದಿಂಬು ಸರಿಮಾಡಿ ಬಂದೆ.

ದೇವರಾಜನ್ ಗಿಡ ನೋಡಿ ಹೋದರು. ನಾಲ್ಕೂ ಹೂ ಬಿಟ್ಟಿವೆ. ಎಲೆಯ ಅಂಚು ಸುಟ್ಟಿಲ್ಲ. ಬೀಜ ಹಿಡಿದರೆ ಮುಂದಿನ ಸಲ ಈ ತೊಂದರೆ ಇರದಲ್ಲ ಎಂದೆ. ಇಲ್ಲ ಎಂದರು. ಬೀಜಕ್ಕೆ ಬೇರಿನ ಗುಣ ಬರುವುದಿಲ್ಲ. ಪ್ರತಿ ಸಲವೂ ಹೊಸದಾಗಿ ಕಟ್ಟಬೇಕು.

ರಾಮಾತಾಳ್ ಹತ್ತಿರ ಕೂತು ಎಳೆ ಹೊಸೆಯುವುದನ್ನು ಕಲಿಯುತ್ತಿದ್ದೇನೆ. ನನ್ನ ಹೆಬ್ಬೆರಳು ದಡ್ಡ ಎನ್ನುತ್ತಾಳೆ.

18 ಫೆಬ್ರವರಿ

ಎಲೆಕ್ಷನ್ ಮುಗಿಯಿತಂತೆ. ನಾನು ಹೋಗಲಿಲ್ಲ. ಪತ್ರಿಕೆಗಳು ಸುತ್ತಿದ ಕಾಗದ ಬಿಚ್ಚದೆ ಬಿದ್ದಿವೆ.

ಎಳೆ ಹೊಸೆಯಲು ಬಂತು. ಹತ್ತು ಎಳೆ ಕೂಡಿಸಿದರೆ ಏಳು ನಿಲ್ಲುತ್ತವೆ.

23 ಫೆಬ್ರವರಿ

ಮೊದಲ ಕಾಯಿ ಕೊಯ್ದೆ. ಐದು. ಒಂದನ್ನು ಬೀಜಕ್ಕೆಂದು ಗಿಡದಲ್ಲೇ ಬಿಟ್ಟಿದ್ದೇನೆ. ನಾನೇ ಎಣ್ಣೆಯಲ್ಲಿ ಬಾಡಿಸಿ ಮಾಡಿದೆ, ಉಪ್ಪಿಲ್ಲದೆ. ನಾನೂ ಅದನ್ನೇ ಬಡಿಸಿಕೊಂಡೆ. ಅವಳು ಎರಡು ತುತ್ತು ತಿಂದಳು. ಕಣ್ಣು ಮುಚ್ಚಿ ಅಗಿದಳು.

"ಉಪ್ಪು ಸರಿಯಾಗಿದೆ ಮಾಮಾ" ಎಂದಳು.

ನಾಲಿಗೆ ಕೆಟ್ಟಿತ್ತೋ, ನನ್ನನ್ನು ಗೇಲಿ ಮಾಡಿದಳೋ, ಬೇರೇನೋ. ನಾನು ತಟ್ಟೆ ಕೆಳಗಿಟ್ಟೆ. "ಅಮ್ಮಣಿ, ಆ ಗುಂಡಿ" ಎಂದೆ.

"ಉಣ್ಣಿ ಮಾಮಾ, ಆರಿ ಹೋಗುತ್ತೆ."

"ಇಲ್ಲ ಕೇಳು. ಅದನ್ನ ಕಟ್ಟಿಸಿದವನು ನಾನು, ನಾನು..."

"ಉಣ್ಣಿ" ಎಂದಳು.

ಉಂಡೆ.

2 ಮಾರ್ಚ್

ಬೆಳಿಗ್ಗೆ ರಾಮಾತಾಳ್ ಹೋದಳು.

9 ಮಾರ್ಚ್

ಜನ ಬರುತ್ತಾರೆ, ಕೂರುತ್ತಾರೆ, ಹೋಗುತ್ತಾರೆ. ಬೀಜದ ಕಾಯಿ ಹಳದಿಗೆ ತಿರುಗಿದೆ. ನೀರು ಹುಯ್ದೆ. ಅವಳ ಸೀರೆಗಳನ್ನು ಸುಬ್ಬಯ್ಯನ್ ಹೆಂಡತಿ ಮಡಿಸಿಟ್ಟಳು. ಒಂದರ ಸೆರಗಿನಲ್ಲಿ ಗಂಟಿತ್ತು. ಬಿಚ್ಚಲಿಲ್ಲ.

16 ಮಾರ್ಚ್

ಕರ್ಮಗಳೆಲ್ಲ ಮುಗಿದವು. ಅವಳಿಗೆ ಹೇಳಲಾಗದ್ದನ್ನು ಬೀದಿಗಾದರೂ ಹೇಳಬೇಕೆಂದು ಹೊರಟೆ. ಇಳಿಜಾರಿನಲ್ಲಿ ನಮ್ಮದಾದ ಮೇಲೆ ಮೊದಲು ಜಾನಮ್ಮನ ಮನೆ. ಅವಳು ಪಡಸಾಲೆಯಲ್ಲಿ ರಾಟೆಯಿಂದ ನೂಲು ಸುತ್ತುತ್ತಿದ್ದಳು. ನಾನು ನಿಂತೇ ಹೇಳಿದೆ: ನಿಮ್ಮ ಬಾವಿ ಕೆಡಿಸಿದ್ದು ಮಿಲ್ಲಲ್ಲ, ನಮ್ಮ ಮನೆಯ ಗುಂಡಿ. ಕಟ್ಟಿಸಿದವನು ನಾನು. ಹನ್ನೊಂದು ವರ್ಷದಿಂದ ನೆಲದೊಳಗೆ ಜಿನುಗುತ್ತಿತ್ತು. ಅರ್ಜಿಯಲ್ಲಿ ಬರೆದದ್ದು ಸುಳ್ಳು.

ರಾಟೆ ನಿಲ್ಲಿಸಿ, ಚಾಪೆ ಹಾಸಿ, "ಕೂತ್ಕೊಳ್ಳಿಂಗ ಅಣ್ಣಾ" ಎಂದಳು. ನಾನು ಕೂರಲಿಲ್ಲ. ಅವಳು ತಲೆ ತಗ್ಗಿಸಿಕೊಂಡು, "ಗೊತ್ತುಂಗ" ಎಂದಳು.

"ಯಾರು ಹೇಳಿದ್ದು?"

"ರಾಮಾತಾಳ್ ಅಕ್ಕನೇ. ನೀವು ಮೊದಲ ಅರ್ಜಿ ಬರೆದ ದಿನ ಎಲ್ಲರ ಮನೆಗೂ ಬಂದು ಹೋದ್ಲು. ಕೆಟ್ಟದ್ದು ನಮ್ಮ ಗುಂಡಿಯಿಂದ, ಬೈಯೋದಿದ್ರೆ ನನ್ನ ಬೈರಿ, ಅವರು ಓದಿ ಹೇಳುವಾಗ ಮಾತ್ರ ಯಾರೂ ನಗಬೇಡಿ ಅಂತ ಕೇಳ್ಕೊಂಡ್ಲು."

ಜಾನಮ್ಮ ತಾನಾಗಿ ಮುಂದುವರಿಸಿದಳು. ನಾವೂ ಬೈದೆವು ಅಣ್ಣಾ, ಬೈಯಲಿಲ್ಲ ಅನ್ನೋದಿಲ್ಲ. ಬೈದರೆ ಕೊಡ ಎತ್ತಿಕೊಂಡು ಹೋಗುತ್ತಿದ್ದಳು. ಇಳಿಜಾರಿನ ಮೂರು ಮನೆಗೂ ಗುಡಿಯ ಬಾವಿಯಿಂದ ದಿನಾ ಎರಡೆರಡು ಕೊಡ ತಂದು ಹುಯ್ಯುತ್ತಿದ್ದಳು. ಬೇಡ ಅಕ್ಕಾ, ನಾವೇ ತರ್ತೀವಿ ಅಂದರೂ ಕೇಳಲಿಲ್ಲ. ಕಾಲು ಊದಿ ಹೆಜ್ಜೆ ಇಡಲಾಗದ ದಿನದವರೆಗೂ.

ನಾನು ಹೊರಗೆ ಬಂದೆ. ಮನೆಗೆ ಹೋಗಿಬಿಡಬೇಕೆನ್ನಿಸಿತು. ಮುಂದಿನದು ಮಾರಿಮುತ್ತುವಿನ ಮನೆ. ಅವನೂ ಚಾಪೆ ಹಾಸಿದ. ನಾನು ಎಲ್ಲ ಹೇಳಿ ಮುಗಿಸುವವರೆಗೂ, ಮೊದಲ ಸಲ ಕೇಳುವವನ ಹಾಗೆ ತಲೆಯಾಡಿಸುತ್ತ ಕೇಳಿದ. ಅದರ ಮುಂದಿನದು ಕಾಳಿಯಮ್ಮನದು. ಮುದುಕಿಗೆ ಕಿವಿ ಮಂದ. ಗಟ್ಟಿಯಾಗಿ ಹೇಳಬೇಕಾಯಿತು, ಎರಡು ಸಲ.

ಎಲ್ಲರಿಗೂ ಗೊತ್ತಿದೆ. ಆದರೂ ಹೇಳಬೇಕು. ಇನ್ನು ಹತ್ತು ಮನೆ.